ಮೀನು ತರದ ಮನುಷ್ಯ

ಸರ್ರ್... ಒಂದು ಗಳಿಗೆ ಬಿಟ್ಟು ಮತ್ತೆ ಸರ್ರ್. ವಿಜಾಪುರ ಜಿಲ್ಲೆಯ ಇಂಡಿ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಪರಸಿಕಲ್ಲಿನ ನೆಲದ ಮೇಲೆ ಯಾರೋ ಒದ್ದೆ ಗೋಣಿಚೀಲ ಎಳೆಯುತ್ತಿದ್ದಾರೆ ಅನ್ನಿಸುವಂಥ ಸದ್ದು. ಚೀಲವೂ ಇಲ್ಲ, ಎಳೆಯುವವರೂ ಇಲ್ಲ. ನನ್ನ ನಾಯಿ ಬಟನ್, ಹಿಂಗಾಲೆರಡನ್ನೂ ಮುಂದಕ್ಕೆ ಚಾಚಿ, ಮುಂಗಾಲಿನ ಬಲದಿಂದ ತನ್ನ ಅಂಡನ್ನು ನೆಲಕ್ಕೆ ಉಜ್ಜಿಕೊಳ್ಳುತ್ತ ಬಾಗಿಲಿನಿಂದ ತೂಗುಮಂಚದವರೆಗೆ ಸಾಗುತ್ತಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ಬೆಳಗಾವಿಯಿಂದ ಬಂದು ಇನ್ನೂ ವರ್ಷವಾಗಿರಲಿಲ್ಲ. ಉದ್ದ ಮೈಯ, ಗಿಡ್ಡ ಕಾಲಿನ ಆ ನಾಯಿಯನ್ನು ತವರಿನಿಂದ ಜೊತೆಗೆ ತಂದಿದ್ದೆ. ನಮ್ಮತ್ತೆಗೆ ಅದರ ಹೆಸರಿನ ಅರ್ಥ ಹೇಳಿದಾಗ, "ಅಗಬಾಯಿ! ನಾಯಿಗೆ ಗುಂಡಿ ಅಂತ ಹೆಸರs? ಅದಕ್ಕs ಹಂಗ ನೆಲಕ್ಕ ಹೊಲಕೋಳಿಕ್ಕೆ ಹತ್ತೇದ" ಎಂದು ನಕ್ಕಿದ್ದರು.

ಮೊನ್ನೆ ನನ್ನ ಮೈದುನನ ಮಗ ಫೋನ್ ಮಾಡಿದ. ಊರ ಸುದ್ದಿಯೆಲ್ಲ ಹೇಳಿ ಮುಗಿಸಿ, ಕೊನೆಗೆ ನೆನಪಾದವನಂತೆ, "ಕಾಕೂ, ಆ ಮೀನಿನಾಂವ ಹೋದನಂತ. ದನದ ದವಾಖಾನಿಯಾಂವ, ನಿಮ್ಮ ನಾಯಿಗೆ ಬರ್ತಿದ್ದನಲ್ಲ" ಎಂದ.

ಮೀನಿನಾಂವ! ನಡೆದದ್ದು ನಡೆಯುವಾಗ ಈ ಹುಡುಗ ಹುಟ್ಟಿಯೂ ಇರಲಿಲ್ಲ. ಮನೆಯ ಬೆಳ್ಳಿ ಪಂಚಪಾತ್ರೆ ಕೈಯಿಂದ ಕೈಗೆ ಬಂದ ಹಾಗೆ ಆ ಹೆಸರೂ ಅವನ ಕೈಗೆ ಬಂದಿದೆ, ಚೆನ್ನಾಗಿ ತಿಕ್ಕಿ ತೊಳೆದು ಇಟ್ಟದ್ದು. ನಾನು ಫೋನ್ ಇಟ್ಟುಬಿಟ್ಟೆ. ಬ್ಲಡ್ ಪ್ರೆಶರ್ ಮಾತ್ರೆ ನುಂಗುವ ವಯಸ್ಸಿನಲ್ಲಿ ಸಿಟ್ಟಿಗೇಳಬಾರದು ಅನ್ನುತ್ತಾರೆ ಡಾಕ್ಟರು. ಅವರಿಗೇನು ಗೊತ್ತು. ಆ ಮನುಷ್ಯ ನಮ್ಮ ಮನೆಗೆ ಒಂದು ದಿನವೂ ಮೀನು ತಂದವರಲ್ಲ. ಅದನ್ನು ಹೇಳಬಲ್ಲವಳು ಇಡೀ ಜಗತ್ತಿನಲ್ಲಿ ನಾನೊಬ್ಬಳೇ ಇದ್ದೆ, ಹೇಳಬೇಕಾದ ದಿನ ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ. ಅವರ ಹೆಸರು ನನಗೆ ಗೊತ್ತು. ಬರೆಯುವುದಿಲ್ಲ. ಅವರು ಇದ್ದಾಗ ನಮ್ಮ ಮನೆಯಲ್ಲಿ ಒಬ್ಬರ ಬಾಯಲ್ಲೂ ಅದು ಬರಲಿಲ್ಲ. ಸತ್ತ ಮೇಲೆ ನಾನು ಬರೆದು ಒಳ್ಳೆಯವಳೆನಿಸಿಕೊಳ್ಳುವುದು ಟೂ ಚೀಪ್.

ಅವರು ಇಂಡಿಯ ದನದ ದವಾಖಾನೆಯಲ್ಲಿ ಡ್ರೆಸ್ಸರ್ ಆಗಿದ್ದರು. ಅಂದರೆ ಗಾಯ ತೊಳೆದು ಔಷಧ ಹಚ್ಚುವ ನೌಕರಿ. ಡಾಕ್ಟರ್ ಸಾಹೇಬರಿಗೆ ಸಿಂದಗಿಯ ಚಾರ್ಜೂ ಇತ್ತಾದ್ದರಿಂದ ಇಂಡಿಗೆ ವಾರದಲ್ಲಿ ಎರಡು ದಿನ ಬರುತ್ತಿದ್ದರು. ಉಳಿದ ದಿನ ದವಾಖಾನೆ ಅಂದರೆ ಈ ಮನುಷ್ಯನೇ. ಗಿಡ್ಡ ಆಳು. ಖಾಕಿ ಅಂಗಿ, ಕಿಸೆಯಲ್ಲಿ ಸದಾ ಉಬ್ಬಿಕೊಂಡ ಹತ್ತಿಯ ಸುರುಳಿ, ಬುಡದವರೆಗೂ ಕತ್ತರಿಸಿದ ಉಗುರು. ಸಿಟ್ಟು ಮಾತ್ರ ಆಳಿಗೆ ಮೀರಿದ್ದು. ಮೊದಲ ಸಲ ಅಲ್ಲಿಗೆ ಹೋದಾಗ ನನಗೆ ವಿಚಿತ್ರವೆನಿಸಿದ್ದು ಅವರ ಮಾತಿನ ರೀತಿ. ಎಮ್ಮೆಗೆ, "ಬರ್ರಿ, ಹಿಂಗ ನಿಂದರ್ರಿ, ಅಂಜಬ್ಯಾಡ್ರಿ" ಅನ್ನುತ್ತಿದ್ದರು. ಅದರ ಮಾಲೀಕನಿಗೆ, "ಏ, ಸರಿ ಅತ್ತಾಗ, ಬೆಳಕಿಗೆ ಅಡ್ಡ ನಿಂತೀದಿ" ಅನ್ನುತ್ತಿದ್ದರು. ಬಹುವಚನವೆಲ್ಲ ನಾಲ್ಕು ಕಾಲಿನವರಿಗೆ, ಏಕವಚನ ಎರಡು ಕಾಲಿನವರಿಗೆ.

ಅವತ್ತೇ ದ್ರಾಕ್ಷಿ ತೋಟದ ದೊಡ್ಡ ಮನುಷ್ಯರೊಬ್ಬರು ತಮ್ಮ ಅಲ್ಸೇಷಿಯನ್ ನಾಯಿಯನ್ನು ಜೀಪಿನಲ್ಲಿ ತಂದಿದ್ದರು. ಕಿವಿಯೊಳಗೆ ಹುಳ ಬಿದ್ದು ನಾಯಿ ತಲೆ ಒಂದು ಕಡೆ ವಾಲಿಸಿಕೊಂಡು ನಿಂತಿತ್ತು.

"ಎಷ್ಟು ದಿನ ಆತು?"

"ಒಂದು ವಾರ ಆಗಿರಬೇಕಪಾ."

"ವಾರ! ನಾಯಿಗೆ ಬಾಯಿ ಇಲ್ಲ, ಖರೆ. ನಿನಗ ಮೂಗೂ ಇಲ್ಲೇನ?"

ಜನ ನಕ್ಕರು. ದೊಡ್ಡ ಮನುಷ್ಯರ ಮುಖ ಕೆಂಪಾಯಿತು. "ಭಾಳ ಮಾತಾಡ್ತೀಯಲ್ಲ, ವಿಜಾಪುರಕ್ಕ ಒಂದು ಮಾತು ಹೇಳಿ ನಿನ್ನ ಬದಲಿ ಮಾಡಸ್ತೇನಿ ನೋಡು" ಎಂದರು. ಆ ಒಂದು ಮಾತಿಗೆ ಡ್ರೆಸ್ಸರ್ ತಲೆ ತಗ್ಗಿಸಿ ಸುಮ್ಮನೆ ನಾಯಿಯ ಕಿವಿ ತೊಳೆಯತೊಡಗಿದರು. ಜಗಳ ಅಷ್ಟಕ್ಕೇ ನಿಂತಿತು.

ಕಾರಣ ಆಮೇಲೆ ತಿಳಿಯಿತು. ಅವರ ಊರು ದೇವಣಗಾಂವ, ಭೀಮಾ ಹೊಳೆಯ ದಂಡೆ. ಅಲ್ಲಿ ಅವರ ತಾಯಿ ಒಬ್ಬಳೇ, ಎರಡೂ ಕಣ್ಣು ಹೋಗಿದ್ದವು. ಇಂಡಿಗೆ ಕರೆತಂದರೆ ಹೊಳೆಯ ಸಪ್ಪಳವಿಲ್ಲದೆ ಆಕೆಗೆ ನಿದ್ದೆ ಬರುತ್ತಿರಲಿಲ್ಲವಂತೆ. ನಾಲ್ಕೇ ದಿನಕ್ಕೆ ವಾಪಸು ಹೋಗಿದ್ದಳು. ಮಗ ಶನಿವಾರ ಸಂಜೆಯ ಬಸ್ಸಿಗೆ ಹೋಗಿ, ರವಿವಾರ ತಾಯಿಗೆ ನೀರೆರೆದು, ತಲೆ ಬಾಚಿ, ಉಗುರು ಕತ್ತರಿಸಿ, ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದರು. "ನನಗ ಯಾರ ಅಂಜಿಕೀನೂ ಇಲ್ರಿ ಅಕ್ಕಾರ. ಬದಲಿ ಅಂದ್ರ ಮಾತ್ರ ಅಂಜತೇನಿ. ನಾ ಇಂಡಿ ಬಿಟ್ಟೆ ಅಂದ್ರ ಅವ್ವ ಉಳಿಯೂದಿಲ್ಲ" ಎಂದು ಅವರೇ ಒಮ್ಮೆ ನನಗೆ ಹೇಳಿದ್ದರು. ಹೌದು, ನನಗೆ ಹೇಳಿದ್ದರು. ಗೊತ್ತಿರಲಿಲ್ಲ ಅಂತ ನಾನು ಹೇಳುವ ಹಾಗಿಲ್ಲ.

ನನ್ನ ನಾಯಿಗೆ ಮನೆಯವರೆಲ್ಲ ಸೇರಿ ಜಂತುಹುಳ ಎಂದು ತೀರ್ಮಾನಿಸಿದ್ದರು. ಅತ್ತೆ ಬೇವಿನ ರಸ ಕುಡಿಸಿದರು, ಓಂಕಾಳು ಬೆಲ್ಲ ತಿನ್ನಿಸಿದರು. ಡಾಕ್ಟರ್ ಸಾಹೇಬರು ಕುರ್ಚಿಯಿಂದ ಏಳದೆ ಎರಡು ಸಲ ಹುಳದ ಪುಡಿ ಕೊಟ್ಟರು. ಬಟನ್ ಉಜ್ಜುವುದು ನಿಲ್ಲಲಿಲ್ಲ. ಕುಳಿತಲ್ಲಿಂದ ಚಿಟ್ಟನೆ ಚೀರಿ ಎದ್ದು ತನ್ನ ಬಾಲದ ಬುಡವನ್ನೇ ತಿರುಗಿ ನೋಡುತ್ತಿತ್ತು, ಯಾರೋ ಹಿಂದಿನಿಂದ ಚುಚ್ಚಿದರೇನೋ ಎಂಬಂತೆ. ಡ್ರೆಸ್ಸರ್ ಅದನ್ನು ನೋಡಿದ್ದು ಅರ್ಧ ನಿಮಿಷ. ಬಾಲ ಎತ್ತಿದರು.

"ಹುಳ ಅಲ್ರಿ ಅಕ್ಕಾರ. ಇಲ್ಲಿ ನೋಡ್ರಿ. ಅಕಾಡಿ ಏನು ನೋಡ್ತೀರಿ, ಅಲ್ಲಿ ಬೇವಿನ ಗಿಡ ಐತಿ. ಇಲ್ಲಿ ನೋಡ್ರಿ. ಮುಕಳಿ ಎರಡೂ ಬಾಜೂಕ ಎರಡು ಸಣ್ಣ ಚೀಲ ಇರ್ತಾವು. ಗಡಿಯಾರದಾಗ ನಾಕರ ಹಂತ್ಯಾಕೊಂದು, ಎಂಟರ ಹಂತ್ಯಾಕೊಂದು. ದೇವರು ಎಲ್ಲಾ ನಾಯಿಗೂ ಕೊಟ್ಟಾನ. ಅವು ತುಂಬಿ ಕಟ್ಟಿಕೊಂಡಾವು. ಪಾಪ, ತಾನs ತೆಕ್ಕೊಳ್ಳಾಕ ನೆಲಕ್ಕ ತಿಕ್ಕಾಕತ್ತೈತಿ."

ಹತ್ತಿಯ ಉಂಡೆ ಹಿಡಿದು, ಹೆಬ್ಬೆರಳು ತೋರುಬೆರಳಿನಿಂದ ಚೀಲದ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಒತ್ತಿದರು. "ಲಿಂಬಿಕಾಯಿ ಹಿಂಡಿದಂಗ ಹಿಂಡಬಾರದು, ಒಳಗs ಒಡೀತೈತಿ. ಅವರೀಕಾಳು ಸಿಪ್ಪಿ ಬಿಡಸಿದಂಗ, ಹಿಂದಿನಿಂದ ಹಗೂರಕ." ಕಂದು ಬಣ್ಣದ ಪೇಸ್ಟು ಹತ್ತಿಗೆ ಇಳಿಯಿತು. ವಾಸನೆ ಬಂತು. ನಾನು ಓದಿದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಶುಕ್ರವಾರ ಪಕ್ಕದ ಮೆಸ್ಸಿನಿಂದ ಬರುತ್ತಿದ್ದ ಮೀನಿನ ವಾಸನೆ ನನಗೆ ಗೊತ್ತಿತ್ತು. ಇದು ಅದೇ, ಮೂರು ದಿನ ಬಿಸಿಲಿನಲ್ಲಿಟ್ಟದ್ದು. ಬಟನ್ ಮೈ ಝಾಡಿಸಿಕೊಂಡು ಡ್ರೆಸ್ಸರ್ ಗದ್ದವನ್ನು ನೆಕ್ಕಿತು.

"ಏನು ಹಾಕ್ತೀರಿ ಇದಕ್ಕ?"

"ಹಾಲು ಅನ್ನ."

"ಅದs ಮತ್ತ. ಹೊರಕಡಿ ಗಟ್ಟಿ ಇದ್ರ, ಹೋಗೂ ಮುಂದ ಆ ಚೀಲ ತಾನs ಒತ್ತಿಸಿಕೊಂಡು ಖಾಲಿ ಆಕ್ಕಾವು. ಹಾಲು ಅನ್ನ ಬಂದ್ ಮಾಡ್ರಿ, ಜ್ವಾಳದ ರೊಟ್ಟಿ ಹಾಕ್ರಿ. ಇದನ್ನ ತೆಗೆಯೂದು ಕಲೀರಿ. ತಿಂಗಳಿಗೊಮ್ಮೆ ಬೇಕಾಗ್ತೈತಿ."

"ಛೀ! ಐ ಕಾಂಟ್. ನನ್ನ ಕೈಲೆ ಆಗೂದಿಲ್ಲ."

"ಛೀ ಅಂದ್ರ? ಅದು ನಾಲಿಗಿಲೇ ಅಲ್ಲಿ ನೆಕ್ಕಿಕೊಂಡು ಬಂದು ದಿನಾ ನಿಮ್ಮ ಕೈ ನೆಕ್ತೈತಿ. ಅವಾಗ ಛೀ ಅಂದಿಲ್ಲಲಾ!"

ನಾನು ಕಲಿಯಲಿಲ್ಲ. ನನ್ನ ಕೈ ಹೊಲಸಾಗಬಾರದು ಎಂದು ಆ ಮನುಷ್ಯ ತಿಂಗಳಿಗೊಮ್ಮೆ ದವಾಖಾನೆ ತೆರೆಯುವ ಮೊದಲು ನಮ್ಮ ಹಿತ್ತಿಲಿಗೆ ಬರುವಂತಾಯಿತು. ಬರುವಾಗ ಬೈದುಕೊಂಡೇ ಬರುತ್ತಿದ್ದರು. ಅವರಿಗಾಗಿ ಹಿತ್ತಿಲ ಗೋಡೆಯ ಗೂಡಿನಲ್ಲಿ ಹಿಡಿಕೆ ಮುರಿದ ಕಪ್ಪೊಂದು ಇತ್ತು. ಅದರಲ್ಲಿ ಕೊಟ್ಟ ಚಹಾ ಅವರು ಒಂದು ದಿನವೂ ಕುಡಿಯಲಿಲ್ಲ. "ಕೈ ವಾಸನಿ ಐತ್ರಿ" ಅನ್ನುತ್ತಿದ್ದರು. ನಾನೆಂಥ ಪೆದ್ದಿ, ಅದನ್ನು ನಂಬಿದ್ದೆ. ಮನೆಯಲ್ಲಿ ಕೇಳಿದರೆ, ನಾಯಿಗೆ ಟಾನಿಕ್ ಇಂಜೆಕ್ಷನ್ ಕೊಡಲು ಬರುತ್ತಾರೆ ಎಂದು ಹೇಳಿದ್ದೆ. ನಿಜ ಹೇಗೆ ಹೇಳುವುದು? ನಮ್ಮ ಕಾನ್ವೆಂಟಿನ ಪ್ರಕಾರ ಮನುಷ್ಯನಿಗೆ ಸೊಂಟದಿಂದ ಮೊಣಕಾಲಿನ ನಡುವೆ ಏನೂ ಇರಲಿಲ್ಲ. ನಾಯಿಗೂ ಇರಲಿಲ್ಲ.

ಹೀಗೆ ಐದಾರು ತಿಂಗಳು ನಡೆಯಿತು. ಆಮೇಲೆ ಆ ದ್ವಾದಶಿ.

ಹಿಂದಿನ ದಿನ ಏಕಾದಶಿ. ಹಿರಿಯರೆಲ್ಲ ನೀರೂ ಮುಟ್ಟಿರಲಿಲ್ಲ. ದ್ವಾದಶಿ ಬೆಳಿಗ್ಗೆ ಬೇಗನೆ ಪೂಜೆ ಮುಗಿಸಿ ಪಾರಣೆ. ನಡುಮನೆಯಲ್ಲಿ ಎಲೆ ಹಾಕಿ ಬಡಿಸುತ್ತಿದ್ದೆವು. ಇವತ್ತು ಬರಬೇಡಿ ಎಂದು ಡ್ರೆಸ್ಸರಿಗೆ ಹೇಳಲು ಮರೆತಿದ್ದೆ. ಅವರು ಬಂದು, ಹಿತ್ತಿಲಲ್ಲಿ ತಾವೇ ನಾಯಿಯನ್ನು ಹಿಡಿದು ಕೆಲಸಕ್ಕೆ ತೊಡಗಿದ್ದರು. ಒಂದು ಚೀಲ ಅರ್ಧ ಖಾಲಿ ಮಾಡಿದ್ದರು, ಅಷ್ಟರಲ್ಲಿ ಒಳಗೆ ಅತ್ತೆ ತಟ್ಟೆ ಬೀಳಿಸಿದ ಸದ್ದಿಗೆ ಬಟನ್ ಕೊಸರಿಕೊಂಡು ಓಡಿತು. ಎಲ್ಲಿಗೆ? ನೇರ ನಡುಮನೆಗೆ. ಎಲೆಗಳ ಸಾಲಿನ ಎದುರಿಗೆ ಕುಳಿತು, ಹಿಂಗಾಲು ಚಾಚಿ, ಮಾವನವರ ಎಲೆಯಿಂದ ಮೈದುನನ ಎಲೆಯವರೆಗೆ ಒಂದೇ ಎಳೆತ.

ಮಾವನವರ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ನಿವೃತ್ತ ಮಾಮಲೇದಾರರು ಅವರು, ಅಂದರೆ ತಹಶೀಲ್ದಾರರು; ಮನೆಯಲ್ಲಿ ಅವರ ಮಾತೇ ಕೋರ್ಟು.

"ಇದೇನು ವಾಸನಿ?"

ಮೂಗು ಅರಳಿಸಿ ಮತ್ತೊಮ್ಮೆ ಉಸಿರೆಳೆದುಕೊಂಡರು.

"ಇದು ಮೀನು."

"ಅಗಬಾಯಿ! ಮೀನs?" ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಕಾರವಾರದಾಗ ಎರಡು ವರ್ಷ ನೌಕರಿ ಮಾಡೇನಿ. ನನಗ ಯಾರೂ ಕಲಸೂದು ಬ್ಯಾಡ. ಮೀನು. ಅದೂ ಕೊಳತದ್ದು."

ಎಲೆ ಬಿಟ್ಟು ಎದ್ದರು. ಅವರ ಹಿಂದೆ ಎಲ್ಲರೂ ಎದ್ದರು. ಹಿತ್ತಿಲ ಬಾಗಿಲಲ್ಲಿ ಡ್ರೆಸ್ಸರ್ ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು, ಕೈಯಲ್ಲಿ ಹತ್ತಿ ಹಿಡಿದು ನಿಂತಿದ್ದರು.

"ಏ, ನೀ ಯಾ ಊರಾಂವ?"

"ದೇವಣಗಾಂವ್ರಿ ರಾವಸಾಹೇಬ್ರ."

"ಹೊಳಿ ದಂಡಿ. ಮೀನು ಹಿಡಿಯೋ ಮಂದಿ."

"ನಮ್ಮಪ್ಪ ಹಿಡೀತಿದ್ದ್ರಿ. ನಾ ಸರಕಾರಿ ನೌಕರ ಅದೇನ್ರಿ."

"ಚೀಲದಾಗೇನದ, ತೆಗಿ."

ಡ್ರೆಸ್ಸರ್ ಚೀಲವನ್ನು ತಲೆಕೆಳಗು ಹಿಡಿದು ಝಾಡಿಸಿದರು. ಹತ್ತಿ, ಕತ್ತರಿ, ಗಾಯ ತೊಳೆಯುವ ನೇರಳೆ ಬಣ್ಣದ ಪುಡಿಯ ಸೀಸೆ, ಸವೆದ ಕೆಂಪು ಸೋಪು. ಅಷ್ಟೇ.

ಮಾವನವರು ಅದನ್ನೆಲ್ಲ ನೋಡಿದರು. "ಹಂಗಾದ್ರ ನಾಯಿಗೆ ತಿನಸಿ ಆಗೇದ" ಎಂದರು.

ಐವತ್ತು ವರ್ಷವಾಯಿತು, ಆ ವಾಕ್ಯವನ್ನು ನಾನು ಮರೆತಿಲ್ಲ. ಮೀನು ಸಿಕ್ಕಿದ್ದರೆ ಅದು ಸಾಕ್ಷಿ. ಸಿಗಲಿಲ್ಲವಾದರೆ ಅದು ಇನ್ನೂ ದೊಡ್ಡ ಸಾಕ್ಷಿ. ಇಂಥ ತೀರ್ಪು ಎಷ್ಟು ಜನರ ಮೇಲೆ ಬರೆದು ಪೆನ್ಶನ್ ಪಡೆದರೋ.

ಡ್ರೆಸ್ಸರ್ ಕೂಗಾಡುತ್ತಾರೆ ಅಂದುಕೊಂಡೆ. ಕೂಗಾಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಮೆಲ್ಲಗೆ, "ಅಕ್ಕಾರನ್ನ ಕೇಳ್ರಿ. ಅವರಿಗೆ ಗೊತ್ತೈತಿ" ಎಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಮಾವ, ಅತ್ತೆ, ಮೈದುನ, ನನ್ನ ಗಂಡ. ನನಗೆ ಕಾನ್ವೆಂಟಿನಲ್ಲಿ ಮಾರಲ್ ಸೈನ್ಸಿಗೆ ಪ್ರೈಜ್ ಬಂದಿತ್ತು. ಎರಡು ಭಾಷೆ ಬರುತ್ತಿತ್ತು, ಮೂರನೆಯದು ಅರ್ಥವಾಗುತ್ತಿತ್ತು. ಯಾವುದರಲ್ಲೂ ಆ ಜಾಗಕ್ಕೆ ನನ್ನ ಬಾಯಿಂದ ಬರುವಂಥ ಪದ ಇರಲಿಲ್ಲ. ಮಾವನವರ ಎದುರಿಗೆ, ಮಡಿಯಲ್ಲಿ, ಎಲೆಯ ಮುಂದೆ.

"ನನಗ ಗೊತ್ತಿಲ್ರಿ" ಎಂದೆ.

ಡ್ರೆಸ್ಸರ್ ನನ್ನನ್ನು ನೋಡಿದರು. ಬೈಯಲಿಲ್ಲ. ಬಗ್ಗಿ ಹತ್ತಿ, ಕತ್ತರಿ, ಸೀಸೆ, ಸೋಪು ಒಂದೊಂದೇ ಎತ್ತಿ ಚೀಲಕ್ಕೆ ಹಾಕಿಕೊಂಡರು. ಬಾವಿಯ ಹತ್ತಿರ ಇಟ್ಟ ಬಕೆಟ್ಟಿನ ನೀರಿಗೂ ಕೈ ಹಚ್ಚದೆ, ಹಾಗೆಯೇ ಹೊಲಸು ಕೈಯಲ್ಲಿ ಹೊರಟುಹೋದರು.

ಅದೇ ಮಧ್ಯಾಹ್ನ ಮಾವನವರು ವಿಜಾಪುರದ ಆಫೀಸಿಗೆ ಇಂಗ್ಲಿಷಿನಲ್ಲಿ ಕಂಪ್ಲೇಂಟ್ ಬರೆದರು. ಸರಕಾರಿ ನೌಕರ ಖಾಸಗಿ ಮನೆಗಳಿಗೆ ಹೋಗುತ್ತಾನೆ, ಆಕ್ಷೇಪಾರ್ಹ ಪದಾರ್ಥ ಒಳಗೆ ತರುತ್ತಾನೆ. ಬರೆದು ನನ್ನನ್ನು ಕರೆದರು. "ನಿನ್ನ ಹ್ಯಾಂಡ್‌ರೈಟಿಂಗ್ ಛಲೋ ಅದವಾ. ಫೇರ್ ಕಾಪಿ ಮಾಡಿಕೊಡು."

ಮಾಡಿಕೊಟ್ಟೆ. ದುಂಡನೆಯ ಕಾನ್ವೆಂಟ್ ಅಕ್ಷರ, ಒಂದೂ ಕಾಟು ಹೊಡೆಯದೆ. 'ರಿಸ್ಪೆಕ್ಟಬಲ್ ಹೌಸ್‌ಹೋಲ್ಡ್' ಎಂಬಲ್ಲಿ ಒಂದು ಸ್ಪೆಲಿಂಗ್ ತಪ್ಪಿತ್ತು. ಅದನ್ನೂ ತಿದ್ದಿದೆ. ದೇವರೇ, ಅದನ್ನು ತಿದ್ದುವಾಗ ಮಾವನವರು ಮೆಚ್ಚಿ ತಲೆಯಾಡಿಸಿದ್ದರು, ನನಗೆ ಸಂತೋಷವಾಗಿತ್ತು.

ಎರಡು ತಿಂಗಳೊಳಗೆ ಡ್ರೆಸ್ಸರಿಗೆ ಮುದ್ದೇಬಿಹಾಳಕ್ಕೆ ಬದಲಿಯಾಯಿತು. ಜಿಲ್ಲೆಯ ಈ ತುದಿಯಿಂದ ಆ ತುದಿಗೆ. ಶನಿವಾರ ಸಂಜೆ ಅಲ್ಲಿಂದ ಹೊರಟರೆ ಎರಡು ಮೂರು ಬಸ್ಸು ಬದಲಿಸಿ ದೇವಣಗಾಂವ ಮುಟ್ಟುವುದರೊಳಗೆ ವಾಪಸು ಹೊರಡುವ ಹೊತ್ತಾಗುತ್ತಿತ್ತು.

ಇತ್ತ ಬಟನ್‌ನ ಚೀಲ ಖಾಲಿ ಮಾಡುವವರಿಲ್ಲ. ಬಾಲದ ಬುಡ ಬಾತು, ಕೀವಾಗಿ, ಒಂದು ದಿನ ಒಡೆದು ರಕ್ತ ಸೋರಿತು. ಆಗ ಮಾವನವರೇ ಡಾಕ್ಟರ್ ಸಾಹೇಬರನ್ನು ಮನೆಗೆ ಕರೆಸಿದರು. ಡಾಕ್ಟರು ಪೆನಿಸಿಲಿನ್ ಚುಚ್ಚಿ, ಪಡಸಾಲೆಯ ಕುರ್ಚಿಯಲ್ಲಿ ಕುಳಿತು, ಚೀನೀ ಮಣ್ಣಿನ ಕಪ್ಪಿನಲ್ಲಿ ಚಹಾ ಕುಡಿಯುತ್ತ ಹೇಳಿದರು: "ಏನಲ್ ಗ್ಲ್ಯಾಂಡ್ಸ್, ಸರ್. ವೆರಿ ಕಾಮನ್. ರೆಗ್ಯುಲರ್ ಆಗಿ ಖಾಲಿ ಮಾಡಬೇಕು. ಟಿಪಿಕಲ್ ಫಿಶಿ ಓಡರ್ ಇರ್ತದ."

"ಐ ಸೀ, ಐ ಸೀ" ಎಂದರು ಮಾವನವರು. "ವೆರಿ ಇಂಟರೆಸ್ಟಿಂಗ್."

ಇಂಟರೆಸ್ಟಿಂಗ್! ಅದೇ ಮನೆ, ಅದೇ ನಾಯಿ, ಅದೇ ಜಾಗ. ಇಂಗ್ಲಿಷಿನಲ್ಲಿ, ಬೂಟು ಹಾಕಿದವರು ಹೇಳಿದಾಗ ಅದು ಜ್ಞಾನವಾಯಿತು. ಅತ್ತೆ ಕೂಡ ಮೂಗು ಮುಚ್ಚಿಕೊಳ್ಳಲಿಲ್ಲ. ಡಾಕ್ಟರು ಹೋದ ಮೇಲೆ ನಾನು ಮೊದಲ ಸಲ ಮಾವನವರಿಗೆ ಎದುರು ನಿಂತೆ. "ಆ ಮನುಷ್ಯಾ ಅದನ್ನ ತೆಗೀಲಿಕ್ಕೆ ಬರ್ತಿದ್ದ್ರಿ. ಮೀನು ತಂದಿದ್ದಿಲ್ಲ. ಇನ್ನೊಂದು ಲೆಟರ್ ಬರೀರಿ, ನಾ ಫೇರ್ ಮಾಡಿ ಕೊಡ್ತೇನಿ."

ಅವರು ಪೇಪರಿನಿಂದ ಕಣ್ಣೆತ್ತಲಿಲ್ಲ. "ಆಗಿದ್ದು ಆಗಿಹೋತು. ಸರಕಾರಿ ನೌಕರಿ ಅಂದಮ್ಯಾಲೆ ಬದಲಿ ಇರೂದs. ಅದರಾಗೇನು ವಿಶೇಷ?"

ನನ್ನ ಗಂಡನಿಗೆ ಹೇಳಿದೆ. "ಈಗ್ಯಾಕ ಆ ಹೊಲಸು ಮಾತು?" ಎಂದರು. ನಾನೇ ಬರೆಯಬಹುದಿತ್ತು, ಕಾಗದ ಇತ್ತು, ಅಕ್ಷರ ಛಲೋ ಇತ್ತು. ಬರೆಯಲಿಲ್ಲ. ಸೊಸೆ ಮಾವನ ಮೇಲೆ ಸರಕಾರಕ್ಕೆ ಬರೆಯುವುದೇ? ಹೀಗಂದುಕೊಂಡೇ ನಾವು ಒಳ್ಳೆಯ ಮನೆತನದ ಹೆಂಗಸರಾಗಿ ಉಳಿದೆವು.

ಮಾಡಿದ್ದು ಒಂದೇ. ಬಟನ್ ಗಾಯ ಮಾಯ್ದ ಮೇಲೆ ಹಿತ್ತಿಲಲ್ಲಿ ಕುಳಿತು, ಹತ್ತಿ ಹಿಡಿದು, ಅವರು ಹೇಳಿದ ಹಾಗೆ ಹಿಂದಿನಿಂದ ಹಗುರಾಗಿ ಒತ್ತಿ ತೆಗೆದೆ. ಮೊದಲ ಸಲ ವಾಂತಿ ಮಾಡಿಕೊಂಡೆ. ಎರಡನೆಯ ಸಲ ಇಲ್ಲ. ಮೂರನೆಯ ಸಲಕ್ಕೆ ಅದು ತಲೆ ಬಾಚಿದಷ್ಟೇ ಸಾದಾ ಕೆಲಸ. ಎರಡು ನಿಮಿಷದ ಕೆಲಸ. ಇದಕ್ಕಾಗಿ ಒಬ್ಬ ಮನುಷ್ಯನನ್ನು ಅವನ ತಾಯಿಯಿಂದ ಕಿತ್ತು ಎಸೆದಿದ್ದೆವು.

ಮರುವರ್ಷ ನನ್ನ ಗಂಡನಿಗೆ ಮುದ್ದೇಬಿಹಾಳದ ಕಡೆ ಸೇತುವೆಯ ಕೆಲಸ ನೋಡುವುದಿತ್ತು. ಪಿಡಬ್ಲ್ಯುಡಿ ಜೀಪು. ನಾನೂ ಬರುತ್ತೇನೆ ಎಂದು ಹಠ ಹಿಡಿದು ಬಟನ್‌ನನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಮನಗೂಳಿಯಲ್ಲಿ ಚಹಾಕ್ಕೆ ನಿಂತಾಗ, ಬಾಗೇವಾಡಿ ದಾಟುವಾಗ, ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಒಂದು ಅಪಾಲಜಿ ಜೋಡಿಸುತ್ತಿದ್ದೆ. ಗಂಡ ನನ್ನನ್ನು ದನದ ದವಾಖಾನೆಯ ಮುಂದೆ ಇಳಿಸಿ, ಅರ್ಧ ತಾಸಿನಲ್ಲಿ ಬರುತ್ತೇನೆ ಎಂದು ಹೋದರು.

ಎಂಟು ಹತ್ತು ಜನ ಎತ್ತು, ಎಮ್ಮೆ, ಆಡು ಹಿಡಿದು ಕುಳಿತಿದ್ದರು. ಡ್ರೆಸ್ಸರ್ ಹೊರಗೆ ಬಂದರು. ಒಂದೇ ವರ್ಷದಲ್ಲಿ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದರು, ಗುರುತು ಹಿಡಿದರು. ಬಟನ್‌ನನ್ನು ಕೈಗೆ ತೆಗೆದುಕೊಂಡು ಬಾಲ ಎತ್ತಿ ಬೆರಳಿನಿಂದ ಮುಟ್ಟಿ ನೋಡಿದರು.

"ಖಾಲಿ ಐತಿ. ಯಾರು ತೆಗೀತಾರ?"

"ನಾನs."

"ಹೂಂ." ಇನ್ನೊಂದು ಬದಿ ಮುಟ್ಟಿದರು. "ಇಲ್ಲಿ ಒಡದಿತ್ತನ?"

"ಹೌದ್ರಿ."

"ಕಲೀರಿ ಅಂತ ಅವಾಗs ಹೇಳಿದ್ದೆ."

"ತಾಯಿ ಹೆಂಗದಾರ್ರಿ?" ಎಂದು ಕೇಳಿದೆ. ಕೇಳಬಾರದಿತ್ತು.

"ಅವ್ವ ಹ್ವಾದ್ಳು. ಶ್ರಾವಣದಾಗ. ಸುದ್ದಿ ತಿಳಿದು ನಾ ಮುಟ್ಟೂದ್ರಾಗ ಮಂದಿ ಮಣ್ಣು ಮಾಡಿದ್ರು."

ಜೋಡಿಸಿಕೊಂಡು ಬಂದ ಇಂಗ್ಲಿಷೆಲ್ಲ ಹೋಯಿತು. "ಅವತ್ತ ನಾ ಹೇಳಬೇಕಾಗಿತ್ತು" ಎಂದೆ.

"ಏನಂತ?"

"ನೀವು ಮೀನು ತಂದಿದ್ದಿಲ್ಲ ಅಂತ."

"ಮತ್ತ ಅದೇನಿತ್ತು? ಅದನ್ನ ಹೇಳ್ರಿ. ಇಲ್ಲಿ ಮಂದಿ ಕುಂತಾರ. ಜೋರಾಗಿ ಹೇಳ್ರಿ, ಎಲ್ಲಾರಿಗೂ ಕೇಳಲಿ."

ಅವರು ಚೇಷ್ಟೆ ಮಾಡುತ್ತಿರಲಿಲ್ಲ. ನಾಯಿಯನ್ನು ಹಿಡಿದು ಕಾಯುತ್ತ ನಿಂತರು. ನಾನು ಆ ಜನರ ಕಡೆ ತಿರುಗಿದೆ. "ನಾಯಿ ಮುಕಳಿ ಎರಡೂ ಬಾಜೂಕ ಸಣ್ಣ ಚೀಲ ಇರ್ತಾವ. ಅವು ತುಂಬಿದ್ರ ಮೀನಿನ ವಾಸನಿ ಬರ್ತದ. ಇವರು ಅದನ್ನ ತೆಗೀಲಿಕ್ಕೆ ನಮ್ಮನಿಗೆ ಬರ್ತಿದ್ದ್ರು. ನಾವು ಇವರು ಮೀನು ತಂದಾರಂತ ಅಂದ್ವಿ. ಸುಳ್ಳು ಹೇಳಿದ್ವಿ. ನನಗ ಗೊತ್ತಿತ್ತು."

ಎಮ್ಮೆ ಹಿಡಿದಿದ್ದ ಮುದುಕನೊಬ್ಬ, "ಹೌದವಾ, ನಾಯಿಗೆ ಇರ್ತಾವು ಹಂಗ" ಎಂದು ಬೀಡಿ ಹಚ್ಚಿದ. ಇನ್ನೊಬ್ಬ ಆಡಿನ ಕಿವಿಯಲ್ಲಿ ಉಣ್ಣೆ ಹುಳ ಹುಡುಕುತ್ತಿದ್ದವನು ತಲೆಯನ್ನೂ ಎತ್ತಲಿಲ್ಲ. ಯಾರೂ ನಗಲಿಲ್ಲ, ಯಾರೂ ಮೂಗು ಮುಚ್ಚಲಿಲ್ಲ.

"ಇಷ್ಟs ನೋಡ್ರಿ" ಎಂದರು ಅವರು. "ಇಷ್ಟs ಇತ್ತು."

ಬಟನ್‌ನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಜೀಪು ಬಂತು, ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು. ಬಟನ್‌ನನ್ನು ಎತ್ತಿಕೊಂಡು ಜೀಪು ಹತ್ತಿದೆ. ಅವರು ಹೊರಗೆ ಬರಲಿಲ್ಲ.